ಎರಡು ವಾರ ತಡೀಬೇಕ್ರಿ

ಹೆಣ್ಣು ನೋಡಲು ಬಂದ ದಿನೇಶನನ್ನು ಸುವರ್ಣಾ ಕೇಳಿದ್ದು ಒಂದೇ ಪ್ರಶ್ನೆ: "ಕಂಪ್ಯೂಟರಿಗೆ ಹೊಸ ಅಪ್‌ಡೇಟ್ ಬಂದ್ರ ಯಾವಾಗ ಹಾಕ್ತೀರಿ?"

ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ಸಾಫ್ಟ್‌ವೇರ್ ಹುಡುಗ ನೆಟ್ಟಗೆ ಕೂತ. "ಬಂದ ದಿನಾನ ಹಾಕಬಾರದ್ರಿ. ಎರಡು ವಾರ ತಡೀಬೇಕ್ರಿ. ಮಂದಿ ಕಂಪ್ಯೂಟರ್ ಕೆಡ್ತಾವೋ ಇಲ್ಲೋ ನೋಡಿ, ಆಮ್ಯಾಲ."

ಹೊರಡುವಾಗ ಸುವರ್ಣಾಳ ಅಪ್ಪ ನರಹರಿಗೂ ಅದೇ ಸೂತ್ರ ಒಪ್ಪಿಸಿದ: "ಎರಡು ವಾರ ಬಿಟ್ಟು, ಐತವಾರ ಹತ್ತರಿಂದ ಹನ್ನೆರಡರೊಳಗ ಫೋನ್ ಮಾಡಿ ಹೇಳ್ತೀನ್ರಿ."

ಅದು ಎರಡು ಸಾವಿರದ ಮೂರನೇ ಇಸವಿ. ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ವರ ಸಿಗುವುದು ಗ್ಯಾಸ್ ಕನೆಕ್ಷನ್ ಸಿಗುವುದಕ್ಕಿಂತ ಕಷ್ಟ. ತಾರ್ನಾಕದ ಆ ಮನೆಯಲ್ಲಿ ಹಾಲಿನಲ್ಲೊಂದು ಫೋನು, ಕೋಣೆಯಲ್ಲೊಂದು ಕಂಪ್ಯೂಟರು, ಎರಡಕ್ಕೂ ಒಂದೇ ತಂತಿ. ನೆಟ್ ಹಾಕಿದರೆ ಫೋನ್ ಬರುವುದಿಲ್ಲ, ಫೋನ್ ಎತ್ತಿದರೆ ನೆಟ್ ಉಳಿಯುವುದಿಲ್ಲ. ಅಮೆರಿಕದ ವೈದ್ಯರು ಒದರಿದ್ದನ್ನು ಕೇಳಿ ಟೈಪ್ ಮಾಡುವುದು ಸುವರ್ಣಾಳ ಕೆಲಸ.

ಹುಡುಗ ಅವಳಿಗೆ ಹಿಡಿಸಿದ್ದ. ಎಷ್ಟೆಂದರೆ, ಮರುದಿನವೇ ಬಂದ ಅಪ್‌ಡೇಟನ್ನು ಅವನ ಮಾತಿನಂತೆ ಮುಟ್ಟದೆ ಬಿಟ್ಟಳು. ಹನ್ನೊಂದನೇ ದಿನ ವೈರಸ್ ಒಳಗೆ ಬಂತು. ಕಂಪ್ಯೂಟರು ಮನಸ್ಸು ಬಂದಾಗ ತಾನೇ ಆರಿಹೋಗತೊಡಗಿತು. ಕೊನೆಗೆ ಅಪ್‌ಡೇಟೂ ಅಪ್ಪನಿಗೆ ಕೊಟ್ಟ ಡೇಟೂ ಒಂದೇ ಭಾನುವಾರಕ್ಕೆ ಬಂದು ಕೂತವು.

ಬೆಳಿಗ್ಗೆ ಎಂಟಕ್ಕೇ ಅಪ್‌ಡೇಟ್ ಇಳಿಸಲು ಶುರು ಹಚ್ಚಿದಳು. ನೂರಕ್ಕೆ ಎಂಬತ್ತೆರಡಾಗಿತ್ತು, ಅಮ್ಮ ಭವಾನಿ ರಿಸೀವರ್ ಎತ್ತಿದಳು.

"ಅಮ್ಮಾ!"

"ಫೋನ್ ಜೀವಂತ ಐತೋ ಇಲ್ಲೋ ನೋಡಿದ್ನವ್ವಾ. ಒಳಗ ಯಾರೋ ಕಿರಕಿರ ಅಳಾಕತ್ತಾರ!"

"ಅದು ನೆಟ್! ಎತ್ತಿದ್ರ ಮತ್ತ ಸೊನ್ನೆಯಿಂದ ಇಳೀಬೇಕು!"

ಮತ್ತೆ ಸೊನ್ನೆಯಿಂದ. ಹತ್ತು ಹೊಡೆಯಿತು, ಹತ್ತೂವರೆಯೂ ಆಯಿತು. ಭವಾನಿ ಬಾಗಿಲಿಗೆ ಬಂದು ನಿಂತಳು. "ತೆಗೀ ಆ ಹಾಳು ನೆಟ್ಟು. ಅವರ ಫೋನ್ ಬರೂ ಹೊತ್ತು."

"ಅವರ ಮಾತು ಕೇಳೇ ಈ ಗತಿ ಬಂದೈತಿ. ಇನ್ನ ಹತ್ತು ನಿಮಿಷ. ತೊಂಬತ್ತೈದು ಆಗೈತಿ!"

"ಆ ತೊಂಬತ್ತೈದಕ್ಕ ತಾಳಿ ಕಟ್ಟಿಸ್ಕೋತೀಯೇನು?"

ಹಾಲಿನಲ್ಲಿ ಫೋನು 'ಟಿಂಗ್' ಎಂದಿತು. ಈ ಸಲ ರಿಸೀವರ್ ಎತ್ತಿದವನು ನರಹರಿ. "ಸತ್ತೈತೋ ಏನೋ ಅಂತ..." ಎಂದ. ಕಂಪ್ಯೂಟರೂ ಇದೇ ಸಮಯ ಎಂದು ಆರಿಹೋಯಿತು.

ಮೂವರೂ ಫೋನಿನ ಸುತ್ತ ಕೂತರು. ಹನ್ನೊಂದೂವರೆ. ಹನ್ನೆರಡು. ಫೋನು ಮೌನವ್ರತ ಹಿಡಿದಿತ್ತು.

"ಎಂಗೇಜ್ ಕೇಳಿ ಕೇಳಿ ಬ್ಯಾಸತ್ತಿರಬೇಕು," ನರಹರಿ ಹೇಳಿದ. ಸುವರ್ಣಾ ಉಗುರು ಕಡಿದಳು. ಅಮ್ಮ ಹೇಳಿದಾಗಲೇ ಆ ತೊಂಬತ್ತೈದನ್ನು ಬಿಟ್ಟು ನೆಟ್ ತೆಗೆದಿದ್ದರೆ ಫೋನ್ ಬರುತ್ತಿತ್ತೇ?

ಗಂಟೆ ಬಡಿಯಿತು, ಬಾಗಿಲಿನದು.

ದಿನೇಶ! ಮೆಹದಿಪಟ್ಟಣಂನಿಂದ ಸ್ಕೂಟರ್ ಹೊಡೆದು ಬಂದವನ ಅಂಗಿ ಬೆವರಿನಲ್ಲಿ ತೊಯ್ದಿತ್ತು, ಕೈಯಲ್ಲಿ ಒಂದು ಸೀಡಿ.

"ಹತ್ತರಿಂದ ಹತ್ತೂವರೆ ತನಕ ಹಚ್ಚೀನ್ರಿ, ಬರೇ ಎಂಗೇಜ್. ಇಷ್ಟೊತ್ತು ಎಂಗೇಜ್ ಅಂದ್ರ ಅಪ್‌ಡೇಟ್ ಇಳಿಸಾಕತ್ತಾರ ಅಂತ ಗೊತ್ತಾತು. ಆಫೀಸಿಗೆ ಓಡಿ ಸೀಡಿ ಮಾಡ್ಕೊಂಡು ಬಂದೆ. ನನ್ನ ಕಂಪ್ಯೂಟರೂ ಮೊನ್ನೆ ಮಲಗೈತಿ."

"ನೀವೂ ಎರಡು ವಾರ ತಡದ್ರ್ಯಾ?" ಸುವರ್ಣಾಳ ಕಣ್ಣು ಮಿಂಚಿತು.

"ತಪ್ಪಾತು. ಮಂದೀ ಕಂಪ್ಯೂಟರ್ ನೋಡ್ಕೋತ ಕೂತ್ರ ನಮ್ಮದ ಕೆಡ್ತೈತ್ರಿ."

"ಅದಿರಲಿ, ನಮ್ಮ ವಿಚಾರ ಏನಾತ್ರಿ?" ಭವಾನಿಗೆ ತಡೆಯಲಾಗಲಿಲ್ಲ.

ಅವನು ಬಾಯಿ ತೆರೆಯುವ ಮೊದಲೇ ಸುವರ್ಣಾ ಸೀಡಿ ಕಸಿದುಕೊಂಡು ಕೋಣೆಗೆ ನಡೆದಳು. ಎಲ್ಲರೂ ಹಿಂದೆ. ಆರು ನಿಮಿಷದಲ್ಲಿ ಅಪ್‌ಡೇಟ್ ಹಾಕಿ ಮುಗಿಯಿತು. ಪರದೆಯ ಮೇಲೆ ಎರಡು ಗುಂಡಿ: ಕಂಪ್ಯೂಟರನ್ನು ಈಗಲೇ ಮತ್ತೆ ಶುರು ಮಾಡಬೇಕೇ, ಆಮೇಲೆಯೇ?

ಅವಳು ಮೌಸಿನ ಮೇಲೆ ಬೆರಳಿಟ್ಟು ತಿರುಗಿದಳು. "ಏನಂತೀರಿ? ಈಗ್ಲೋ, ಎರಡು ವಾರ ಬಿಟ್ಟೋ?"

"ಈಗ್ಲೇ!" ಎಂದ ದಿನೇಶ, ಪರದೆಯ ಕಡೆ ನೋಡದೆ. "ಎಲ್ಲಾನೂ ಈಗ್ಲೇ."

ಗುಂಡಿ ಒತ್ತಿದ ಸದ್ದಿಗೇ ಭವಾನಿ ಹಾಲಿಗೆ ಓಡಿ ರಿಸೀವರ್ ಎತ್ತಿದಳು. ಕಲಬುರಗಿಯ ಅಕ್ಕನಿಗೆ, ಬೀದರಿನ ತಮ್ಮನಿಗೆ, ಜೀಡಿಮೆಟ್ಲಾದ ಭಾವನಿಗೆ ಸುದ್ದಿ ಮುಟ್ಟುವ ತನಕ ಲೈನು ಎಂಗೇಜೇ ಇತ್ತು. ಯಾರೂ ಬಯ್ಯಲಿಲ್ಲ.