ಏಳನೇ ಅರ್ಜಿ

ಇಡೀ ಕಚೇರಿಗೆ ಅವಳು ಕತ್ತರಿಯಕ್ಕ. ಇಪ್ಪತ್ತೆರಡು ವರ್ಷದಿಂದ ಅವಳದ್ದು ಒಂದೇ ಕೆಲಸ: ಬೆಳಿಗ್ಗೆ ಹದಿನಾಲ್ಕು ಪತ್ರಿಕೆ ಬಿಡಿಸಿ, ಶಿಕ್ಷಣ ಇಲಾಖೆಯ ಸುದ್ದಿಯನ್ನೆಲ್ಲ ಕತ್ತರಿಸಿ, ಹಳದಿ ಹಾಳೆಗೆ ಅಂಟಿಸಿ, ಒಂಬತ್ತೂವರೆಗೆ ಮಂತ್ರಿಗಳ ಮೇಜಿಗೆ ಕಳಿಸುವುದು. ಮಂತ್ರಿಗಳಿಗೆ ಕಡತವೆಂದರೆ ಆಕಳಿಕೆ. ಹಳದಿ ಹಾಳೆಯನ್ನು ಮಾತ್ರ ಒಂದಕ್ಷರ ಬಿಡದೆ ಓದುತ್ತಿದ್ದರು. ಹಾಳೆಯಲ್ಲಿ ಬಂದ ಶಾಲೆಗೆ ಸಂಜೆಯೊಳಗೆ ಬೆಂಚು ಬರುತ್ತಿತ್ತು. ಹಾಳೆಯಲ್ಲಿ ಬೈಸಿಕೊಂಡ ಮೇಷ್ಟ್ರ ಅಮಾನತು ಊಟದ ಹೊತ್ತಿಗೆ ಟೈಪಾಗುತ್ತಿತ್ತು. ವಿಚಾರಣೆ ಗಿಚಾರಣೆ ಎಲ್ಲ ಆಮೇಲೆ.

ಅವತ್ತು ಮೂರನೇ ಪತ್ರಿಕೆಯ ಮುಖಪುಟದಲ್ಲಿ ಬಿಸಿಲಲ್ಲಿ ಕೂತ ಮಕ್ಕಳ ಫೋಟೋ. ‘ತರಗತಿಗೆ ಬೀಗ ಜಡಿದ ಮುಖ್ಯೋಪಾಧ್ಯಾಯಿನಿ.’ ಮೂಲೆಯಲ್ಲಿ ಬೀಗದಕೈ ಹಿಡಿದು ನಿಂತಿದ್ದವಳು ಅವಳ ಒಡಹುಟ್ಟಿದ ತಂಗಿ. ಕತ್ತರಿಯಕ್ಕ ತಕ್ಷಣ ಫೋನ್ ಮಾಡಿದಳು.

"ಏನೇ ಇದು?"

"ಛಾವಣಿ ಇವತ್ತೋ ನಾಳೆನೋ ಬೀಳೋ ಹಾಗಿದೆ ಅಕ್ಕ. ಮಕ್ಕಳನ್ನ ಒಳಗೆ ಕೂರಿಸಿ ಕೊಲ್ಲಲಾ? ಆ ವರದಿಗಾರನಿಗೂ ಹೇಳಿದೆ, ಅದೊಂದನ್ನ ಬಿಟ್ಟು ಬರೆದಿದಾನೆ. ನಿಮ್ಮ ಕಚೇರಿಗೆ ಏಳು ಅರ್ಜಿ ಕೊಟ್ಟೆ. ಕೊನೇದನ್ನ ನಿನ್ನ ಕೈಗೇ ಕೊಟ್ಟಿದ್ದೆನಲ್ಲ!"

ನೆನಪಿತ್ತು. "ಕ್ರಮವಾಗಿ ಹೋಗ್ಲಿ ಬಿಡು" ಎಂದು ಅದನ್ನು ಟಪಾಲಿನ ಬುಟ್ಟಿಗೆ ಹಾಕಿ ಕೈತೊಳೆದುಕೊಂಡಿದ್ದಳು. ಈಗ ನಾಚಿಕೆಯಿಂದ ಮುಖ ಬಿಸಿಯಾಯಿತು.

ಸುದ್ದಿಯನ್ನು ಮುಚ್ಚಿಡುವ ಹಾಗಿರಲಿಲ್ಲ. ಮುಚ್ಚಿಟ್ಟರೂ ಹನ್ನೊಂದಕ್ಕೆ ಟಿವಿಯವರು ಮೈಕು ಹಿಡಿದು ಕೇಳಿದರೆ ಮಂತ್ರಿಗಳು ನಿಂತ ನಿಲುವಿನಲ್ಲೇ ತಂಗಿಯನ್ನು ಅಮಾನತು ಮಾಡಿಬಿಡುತ್ತಿದ್ದರು. ಅವಳು ಕಡತದ ಕೋಣೆಗೆ ಓಡಿದಳು. ಅಲ್ಲಿನ ಗುಮಾಸ್ತ ಧೂಳಿಗೆ ಸೀನುತ್ತ ಕಟ್ಟೊಂದನ್ನು ಎಳೆದುಕೊಟ್ಟ.

"ಏಳೂ ಇಲ್ಲೇ ಇವೆ ಅಕ್ಕ. ದಾರ ಕೂಡ ಬಿಚ್ಚಿಲ್ಲ ಯಾರೂ."

ಅಚ್ಚಾಗದ್ದನ್ನು ಅಂಟಿಸುವ ಅಧಿಕಾರ ಅವಳಿಗಿರಲಿಲ್ಲ; ಕೆಲಸಕ್ಕೇ ಕುತ್ತು ಬರಬಹುದಿತ್ತು. ಆದರೂ ಫೋಟೋದ ಕೆಳಗೆ ಏಳನೇ ಅರ್ಜಿಯನ್ನು ಅಂಟಿಸಿದಳು. ಪತ್ರಿಕೆಯ ಹೆಸರು ಬರೆಯುವ ಜಾಗದಲ್ಲಿ ‘ನಮ್ಮದೇ ಕಚೇರಿ’ ಎಂದು ಬರೆದಳು.

ಹತ್ತು ಗಂಟೆಗೆ ಒಳಗಿಂದ ಕರೆ ಬಂತು.

"ಇದು ಯಾವ ಪತ್ರಿಕೇದಮ್ಮ?" ಮಂತ್ರಿಗಳು ಕನ್ನಡಕ ಏರಿಸಿ ಕೇಳಿದರು.

"ಪತ್ರಿಕೇದಲ್ಲ ಸರ್, ಅರ್ಜಿ. ಬರೆದೋಳು ನನ್ನ ತಂಗಿ."

"ಎಲ್ಲಾದ್ರೂ ಅಚ್ಚಾಗಿದೆಯಾ?"

"ಇಲ್ಲ ಸರ್."

ಮಂತ್ರಿಗಳಿಗೆ ಹೋದ ಜೀವ ಬಂದಂತಾಯಿತು. ಮತ್ತೊಮ್ಮೆ ಓದಿದರು. "ಏಳು ಸಲ ಬರೆದಿದಾರಾ?" ಎಂದಾಗ ದನಿ ತುಸು ಮೆತ್ತಗಾಗಿತ್ತು. ಪಾಪ, ಕೆಟ್ಟ ಮನುಷ್ಯರೇನಲ್ಲ. ಆಮೇಲೆ ಆಪ್ತ ಸಹಾಯಕನ ಕಡೆ ತಿರುಗಿ, "ಅಚ್ಚಾಗೋ ಮುಂಚೆ ಹೋಗಿಬರೋಣ. ಕ್ಯಾಮೆರಾದವರಿಗೆ ತಿಳಿಸಿ" ಎಂದರು.

ಮರುದಿನ ಹದಿನಾಲ್ಕೂ ಪತ್ರಿಕೆಯಲ್ಲಿ ಮಂತ್ರಿಗಳು ಬಿರುಕು ಬಿಟ್ಟ ಛಾವಣಿಯತ್ತ ಕೈ ತೋರಿಸುತ್ತಿದ್ದರು. ‘ಪತ್ರಿಕಾ ವರದಿಗೆ ತಕ್ಷಣ ಸ್ಪಂದನೆ.’ ತಂಗಿಯ ಫೋನ್ ಬಂತು.

"ರಿಪೇರಿಯವರು ಬಂದಿದಾರೆ ಅಕ್ಕ! ಆ ಪತ್ರಿಕೆಯವರು ಬೈದಿದ್ದೇ ಒಳ್ಳೇದಾಯ್ತು ನೋಡು. ಅರ್ಜಿ ಎಪ್ಪತ್ತು ಬರೆದ್ರೂ ಯಾರು ಓದ್ತಿದ್ರು?"

"ನಾನು ಓದಬೇಕಿತ್ತು ಕಣೆ," ಎಂದಳು ಕತ್ತರಿಯಕ್ಕ.

ಫೋನ್ ಇಟ್ಟು ತಲೆಯೆತ್ತಿದರೆ ಬಾಗಿಲಲ್ಲಿ ಕಡತದ ಕೋಣೆಯ ಗುಮಾಸ್ತ, ಎರಡೂ ಕೈ ತುಂಬ ಕಟ್ಟುಗಳು.

"ಇವೂ ಛಾವಣಿಯವೇ ಅಕ್ಕ. ನಲವತ್ತೊಂದು ಶಾಲೆ. ನಿಮ್ಮ ಹತ್ರ ಗೋಂದು ಎಷ್ಟಿದೆ?"

ಅವಳು ಮಂತ್ರಿಗಳ ಫೋಟೋಗಳನ್ನು ಪಕ್ಕಕ್ಕೆ ಸರಿಸಿ, ಮೊದಲ ಕಟ್ಟಿನ ದಾರ ಬಿಚ್ಚಿದಳು.