ಲೈಸೆನ್ಸಿಲ್ಲದ ಅಪ್ಪನ ಕೋವಿ

ಗೋಡೆಗೆ ಬಣ್ಣ ಬಳಿಸಬೇಕೆಂದು ಅಕ್ಕ, ತಮ್ಮ ಇಬ್ಬರೂ ಸೇರಿ ಅಪ್ಪನ ಬೀರುವನ್ನು ಎಳೆದಾಗ, ಅದರ ಹಿಂದಿನಿಂದ ಕಂಬಳಿ ಸುತ್ತಿದ ಉದ್ದನೆಯ ಗಂಟೊಂದು ಧೊಪ್ಪನೆ ಬಿತ್ತು. ಬಿಚ್ಚಿದರೆ ಜೋಡು ನಳಿಗೆಯ ಕೋವಿ! ತಾತನಿಂದ ಅಪ್ಪನಿಗೆ ಬಂದದ್ದು. ಯಾವತ್ತೋ ಮಾರಿಬಿಟ್ಟೆ ಎಂದು ಅಪ್ಪ ಹೇಳಿದ್ದನ್ನು ಮಕ್ಕಳು ನಂಬಿಕೊಂಡಿದ್ದರು. ಈಗ ಕೇಳೋಣವೆಂದರೆ ಅಪ್ಪನೇ ಬದುಕಿರಲಿಲ್ಲ.

“ಇದರ ಲೈಸೆನ್ಸ್ ಎಲ್ಲಮ್ಮಾ?” ಅಕ್ಕ ಕೇಳಿದಳು.

“ಲೈಸೆನ್ಸಾ? ನಿಮ್ಮಪ್ಪ ಸೈಕಲ್ಲಿಗೆ ಬೀಗಾನೇ ಹಾಕ್ದೋರಲ್ಲ,” ಎಂದಳು ಅಮ್ಮ.

ತಮ್ಮ ಬಸ್ ಡ್ರೈವರ್. ಬ್ರೇಕೆಲ್ಲ ಬಸ್ಸಿಗೇ ಮೀಸಲು, ಬಾಯಿಗಿಲ್ಲ. “ನಮ್ ಡಿಪೋದಲ್ಲಿ ಒಬ್ಬ ಇದಾನೆ ಕಣೇ ಅಕ್ಕ. ಗುಟ್ಟಾಗಿ ಕೊಂಡ್ಕೋತಾನೆ.”

“ನಾಳೆ ಅವನು ಯಾರ ಮೇಲಾದ್ರೂ ಹಾರಿಸಿದ್ರೆ ಕಂಬಿ ಎಣಿಸೋಳು ನಾನು. ಮುಚ್ಕೊಂಡಿರು.”

ಅಕ್ಕನದು ಬೇಕರಿ. ಒಲೆಯ ಶಾಖಕ್ಕೆ ಹೆದರದವಳು ಪೊಲೀಸ್ ಠಾಣೆಯ ಮೆಟ್ಟಿಲನ್ನು ಮಾತ್ರ ದೇವರನ್ನು ನೆನೆಯುತ್ತ ಹತ್ತಿದಳು. ಬರಿಗೈಯಲ್ಲಿ ಹೋಗುವುದು ಹೇಗೆಂದು ಚೀಲದ ತುಂಬ ಬನ್ ತುಂಬಿಕೊಂಡಿದ್ದಳು. ಹೋದವಳೇ, “ಸಾರ್, ನನ್ನ ಹತ್ರ ಒಂದು ಕೋವಿ ಇದೆ,” ಎಂದುಬಿಟ್ಟಳು.

ಪೇದೆಗಳೆಲ್ಲ ತಟ್ಟನೆ ಎದ್ದು ನಿಂತರು. ಎಲ್ಲರ ಕಣ್ಣೂ ಅವಳ ಚೀಲದ ಮೇಲೆ.

“ಅಯ್ಯೋ, ಇದರಲ್ಲಲ್ಲ! ಇದರಲ್ಲಿರೋದು ಬನ್ನು!”

ಇನ್‌ಸ್ಪೆಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, “ಹೊತ್ಕೊಂಡು ಬರದೇ ಇದ್ದಿದ್ದು ಒಳ್ಳೇದಾಯ್ತು. ಸಿಕ್ಕಿದ ಕೂಡಲೇ ನೀವಾಗೇ ಬಂದು ಹೇಳಿದೀರಿ, ಹೆದರ್ಬೇಡಿ. ನಾವೇ ಬಂದು ತಗೊಂಡು ಹೋಗಿ, ಲೈಸೆನ್ಸ್ ಇರೋ ಕೋವಿ ಅಂಗಡೀಲಿ ಇಡ್ತೀವಿ. ಕದ್ದ ಮಾಲಲ್ಲ, ಕೇಸಿಲ್ಲ ಅಂತ ಖಾತ್ರಿಯಾದ್ಮೇಲೆ ವಾರಸುದಾರರ ಹೆಸರಿಗೆ ದಾಖಲಾಗತ್ತೆ. ಆಮೇಲೆ ಆರಾಮಾಗಿ ಮಾರಿ. ಬನ್ನು ಮಾತ್ರ ವಾಪಸ್ ತಗೊಂಡು ಹೋಗಿ,” ಎಂದರು.

ಹೇಳಿದಷ್ಟು ಬೇಗ ಆಗಲಿಲ್ಲ. ಅಕ್ಕ ಈ ಕಚೇರಿಯಿಂದ ಆ ಕಚೇರಿಗೆ ಅಲೆದು ಚಪ್ಪಲಿ ಸವೆಸಿದಳು. ಅಂತೂ ಒಪ್ಪಿಗೆ ಸಿಕ್ಕಿತು. ಸಹಿ ಹಾಕಲು ಮೂವರೂ ಕೋವಿ ಅಂಗಡಿಗೆ ಹೋದರು.

ತಮ್ಮ ಸುಮ್ಮನಿರಬೇಕಲ್ಲ! ಬೆಲೆ ಏರಿಸಲು ಕಥೆ ಶುರು ಹಚ್ಚಿದ. “ಇದೇನು ಸಾಮಾನ್ಯ ಕೋವಿ ಅಂದ್ಕೊಂಡ್ರಾ? ನನಗಾಗ ನಾಲ್ಕು ವರ್ಷ. ಹಿತ್ತಲಿಗೆ ಕಾಡುಹಂದಿ ನುಗ್ತು. ಅಪ್ಪ ಢಮ್ ಅಂತ ಒಂದೇ ಗುಂಡು! ಹಂದಿ ಬಾಲ ಮುದುರ್ಕೊಂಡು ಓಟ!”

ಅಂಗಡಿಯವನು ಕೋವಿ ಮಡಚಿ ಒಳಗೆ ಇಣುಕಿದ. “ಇದರಿಂದ ಢಮ್ ಅನ್ಸೋಕೆ ಆಗಲ್ಲ. ಗುಂಡಿನ ಹಿಂಭಾಗಕ್ಕೆ ಬಡಿದು ಸಿಡಿಸೋ ಕಡ್ಡಿಗಳೇ ಇಲ್ಲ. ಯಾರೋ ಬೇಕೂಂತ್ಲೇ ತೆಗೆದಿದಾರೆ.”

ಅಮ್ಮ ಸೆರಗಿನ ಅಂಚು ಸರಿಮಾಡಿಕೊಂಡಳು. “ನಾನೇ ತೆಗೆಸಿದ್ದು. ಇವನು ಅಂಬೆಗಾಲಿಡೋಕೆ ಶುರು ಮಾಡ್ದಾಗ. ಕಂಡಿದ್ದನ್ನೆಲ್ಲ ಎಳೀತಿದ್ದ. ರಿಪೇರಿಯವನನ್ನ ಕರೆಸಿ ಬಿಚ್ಚಿಸಿ, ಬಾವಿಗೆ ಹಾಕ್ದೆ.”

“ಅಪ್ಪನಿಗೆ ಗೊತ್ತಿತ್ತಾ?” ಅಕ್ಕ ಕೇಳಿದಳು.

“ಒಂದ್ಸಲನಾದ್ರೂ ಟ್ರಿಗರ್ ಎಳೆದಿದ್ರೆ ತಾನೇ ಗೊತ್ತಾಗೋದು!”

“ಮತ್ತೆ ಆ ಹಂದಿ?” ತಮ್ಮ ಅಳುದನಿಯಲ್ಲಿ ಕೇಳಿದ.

“ಹಂದಿ ಬಂದಿದ್ದು ನಿಜ. ಪಾತ್ರೆ ಬಡಿದು ಓಡಿಸಿದ್ದು ನಾನು. ನಿಮ್ಮಪ್ಪ ಮಂಚದ ಮೇಲೆ ನಿಂತು, ಎಡಕ್ಕೆ ನುಗ್ಗು, ಬಲಕ್ಕೆ ನುಗ್ಗು ಅಂತ ಹೇಳ್ತಿದ್ರು.”

“ಇಷ್ಟು ವರ್ಷ ಯಾಕಮ್ಮ ಬಾಯಿ ಬಿಡ್ಲಿಲ್ಲ?” ಎಂದಳು ಅಕ್ಕ.

“ನಿಮ್ಮಪ್ಪ ಆ ಕಥೇನ ಎಷ್ಟು ಚೆನ್ನಾಗಿ ಹೇಳ್ತಿದ್ರು! ಹೇಳೋವಾಗ ಹುಲಿ ತರ ಕಾಣೋರು. ನನಗೂ ಕೇಳೋಕೆ ಖುಷಿ,” ಎಂದಳು. ನಗುನಗುತ್ತಲೇ ಅವಳ ಕಣ್ಣು ತುಂಬಿ ಬಂತು. ಅಕ್ಕ ಅವಳ ಭುಜ ಬಳಸಿ ಹತ್ತಿರಕ್ಕೆ ಎಳೆದುಕೊಂಡಳು.

ಅಂಗಡಿಯವನು ಕೋವಿಯನ್ನು ಮತ್ತೊಮ್ಮೆ ತಿರುವಿ ನೋಡಿದ. ಮರದ ಹಿಡಿಯ ಕೆತ್ತನೆ ಅಪರೂಪದ್ದು, ಕಡ್ಡಿಗಳನ್ನು ಹೊಸದಾಗಿ ಮಾಡಿಸಿದರಾಯಿತು ಎಂದ. ಅಕ್ಕ ಸಹಿ ಹಾಕಿದಳು. ಒಂಬತ್ತು ತಿಂಗಳ ತಲೆನೋವು ಒಂದು ಗೀಟಿನಲ್ಲಿ ಇಳಿಯಿತು. ತಮ್ಮ ಮುಖ ಊದಿಸಿಕೊಂಡೇ ಹೊರಗೆ ಬಂದ. ಬೀದಿಯ ತಿರುವು ದಾಟುವಷ್ಟರಲ್ಲಿ ಅವನೇ, “ಅಮ್ಮಾ, ಯಾವ ಪಾತ್ರೆ ಬಡಿದಿದ್ದು? ಸರಿಯಾಗಿ ಹೇಳು,” ಎಂದು ಶುರುಮಾಡಿದ್ದ.