ಬಿಂದುಶ್ರೀಗೆ ಕಾದಿಟ್ಟ ಜಾಗ

ಸಂಜೀವಯ್ಯ ಓದಿದ್ದು ಎರಡನೇ ಕ್ಲಾಸು. ಬಿತ್ತನೆ ಬೀಜ ಮಾರಲು ಬಂದವರು ಬಣ್ಣದ ಚಿತ್ರ ತೋರಿಸಿ ಎಷ್ಟೇ ಹೊಗಳಲಿ, ಸುಮ್ಮನೆ ಕೇಳಿಸಿಕೊಂಡು ಕೊನೆಗೆ, "ನಿನ್ ಹೊಲಕ್ಕೆ ಯಾವ್ದು ಹಾಕಿದ್ದೀಯಪ್ಪ?" ಅನ್ನುತ್ತಿದ್ದ. ಅಷ್ಟಕ್ಕೆ ಅರ್ಧ ಜನ ಚೀಲ ಎತ್ತಿಕೊಂಡು ಹೊರಟುಬಿಡುತ್ತಿದ್ದರು.

ಮೊಮ್ಮಗಳು ಅನುಷಾಳ ಕಾಲೇಜಿನ ಮಾತು ಬಂದಾಗಲೂ ಅವನು ಕೇಳಿದ್ದು ಅದನ್ನೇ.

ಪಿಯುಸಿ ಮುಗಿಸಿದ ಅನುಷಾ ಬಿಬಿಎ ಓದುತ್ತೇನೆಂದು ಹಟ ಹಿಡಿದಿದ್ದಳು. ತುಮಕೂರಿನ ಒಂದು ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ಲೂ ಸಿಕ್ಕಿತ್ತು. ಕಾರಹುಣ್ಣಿಮೆ ಕಳೆದ ಮೇಲೆ ಒಂದು ಭಾನುವಾರ, ಸಂಜೀವಯ್ಯನ ತಂಗಿ ಬಸವಮ್ಮನ ಮಗ ಪ್ರಸನ್ನ ಕುಮಾರ್ ಮಧುಗಿರಿಯಿಂದ ಬೈಕಿನಲ್ಲಿ ಬಂದಿಳಿದ. ಕೊರಟಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಮೇಷ್ಟ್ರು. ಹೈಸ್ಕೂಲು ಮುಗಿಯುವ ತನಕ ಕೊಳಾಲದ ಹತ್ತಿರದ ಈ ಮನೆಯಲ್ಲೇ ಉಂಡು ಬೆಳೆದವನು. ಜ್ವರ ಬಂದರೆ ಸಂಜೀವಯ್ಯನ ಹೆಗಲೇರಿ ಆಸ್ಪತ್ರೆಗೆ ಹೋದವನು.

"ಮಾವ, ಈ ವರ್ಷ ನಮ್ ಕಾಲೇಜಲ್ಲೂ ಬಿಬಿಎ ಶುರು. ಕಂಪ್ಯೂಟರ್ ಲ್ಯಾಬು, ಪ್ಲೇಸ್‌ಮೆಂಟು ಎಲ್ಲಾ ಐತೆ. ಬೆಳಗ್ಗೆ ಬಸ್ ಹತ್ತಿದ್ರೆ ಸಾಯಂಕಾಲ ಮನೆ. ಮಗೀಗೆ ಯಾಕೆ ಹಾಸ್ಟೆಲ್ ಅನ್ನ?"

"ಇವ್ನು ಬಾಯಿಗೆ ಬೆಲ್ಲ ಹಾಕ್ಕೊಂಡೇ ಬತ್ತಾನೆ," ಎಂದು ಸಂಜೀವಯ್ಯನ ಹೆಂಡತಿ ಕೆಂಚಮ್ಮ ನಗುತ್ತ ಕಾಫಿ ತಂದಿಟ್ಟಳು.

"ಲೇ ಪ್ರಸನ್ನ, ಲ್ಯಾಬು ಗೀಬು ನನಗೆ ತಿಳಿಯಾಕಿಲ್ಲ," ಎಂದ ಸಂಜೀವಯ್ಯ. "ನಿನ್ ಮಗಳೂ ಪಿಯುಸಿ ಮುಗಿಸವ್ಳಲ್ಲ. ಬಿಂದುಶ್ರೀನ ಎಲ್ಲಿಗೆ ಸೇರುಸ್ತೀಯ? ಅದ್ ಹೇಳು."

ಪ್ರಸನ್ನ ಕಾಫಿ ಲೋಟ ಕೆಳಗಿಟ್ಟ. "ಇದೇನ್ ಮಾವ ಇಂಗ್ ಕೇಳ್ತೀಯ? ನಮ್ಮಲ್ಲೇ. ಇಬ್ರೂ ಒಂದೇ ಬೆಂಚಲ್ಲಿ ಕೂತ್ಕೊಂಡ್ ಓದ್ಲಿ."

ಬಾಗಿಲ ಮರೆಯಲ್ಲಿದ್ದ ಅನುಷಾಳ ಮುಖ ಬಾಡಿತು. "ತಾತ, ತುಮಕೂರು..."

"ಮೇಷ್ಟ್ರೇ ತನ್ ಮಗಳ್ನ ಅಲ್ಲಿಗೆ ಹಾಕ್ತಾವ್ನೆ ಕಣವ್ವ. ಕೆಟ್ಟದ್ದಾದ್ರೆ ಹಾಕ್ತಿದ್ನಾ?"

ಅನುಷಾ ತುಮಕೂರಿನ ಸೀಟು ಬಿಟ್ಟುಕೊಟ್ಟಳು.

ಕೊರಟಗೆರೆಯಲ್ಲಿ ಕ್ಲಾಸು ಶುರುವಾಯಿತು. ಲ್ಯಾಬಿಗೆ ಬೀಗ. ಅಕೌಂಟ್ಸಿಗೆ ಮೇಷ್ಟ್ರಿಲ್ಲ. ಬಿಬಿಎಗೆ ಸೇರಿದ ಬೆರಳೆಣಿಕೆಯ ಹುಡುಗ ಹುಡುಗಿಯರನ್ನು ಬಿಕಾಂನವರ ಹಿಂದೆ ಕೂರಿಸಿದರು. ಅನುಷಾ ಮನೆಯಲ್ಲಿ ದೂರಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಬ್ಯಾಗಿಟ್ಟುಕೊಂಡು, ಬಿಂದುಶ್ರೀಗೆಂದು ದಿನವೂ ಜಾಗ ಕಾಯ್ದಳು. ಬಿಂದುಶ್ರೀ ಮಾತ್ರ ಬರಲೇ ಇಲ್ಲ.

ಸಂಜೀವಯ್ಯ ಫೋನು ಮಾಡಿಸಿ ಕೇಳಿದ. "ಅವ್ಳಿಗೆ ಕಾಮಾಲೆ ಮಾವ," ಎಂದ ಪ್ರಸನ್ನ. "ಗುಣ ಆದ್ಮೇಲೆ ಬತ್ತಾಳೆ."

ಕಾಮಾಲೆ ಅಂದದ್ದೇ ತಡ, ಸಂಜೀವಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿರಿಯ ತಮ್ಮನನ್ನು ಆ ಕಾಯಿಲೆಗೇ ಕಳೆದುಕೊಂಡ ಮನೆ ಅದು. ಮಣ್ಣು ಮಾಡುವಾಗ ಹುಡುಗ ಪ್ರಸನ್ನ ಸಂಜೀವಯ್ಯನ ಕೈ ಹಿಡಿದು ನಿಂತಿದ್ದ. ಫೋನಿನಲ್ಲಿ ಮಾತಾಡಿದ ಮಾರನೇ ದಿನವೇ ಸಂಜೀವಯ್ಯ ಬಸ್ಸು ಹತ್ತಿ, ಪಾವಗಡದಿಂದಾಚೆ ಸೊಪ್ಪಿನ ಔಷಧಿ ಕೊಡುವ ಮುದುಕಿಯನ್ನು ಹುಡುಕಿಕೊಂಡು ಹೋದ. ಅವಳು ಅರೆದು ಒಣಗಿಸಿದ ಉಂಡೆಗಳನ್ನು ಪೊಟ್ಟಣ ಕಟ್ಟಿ, "ಮಜ್ಜಿಗಲೋ ಕಲ್ಸಿ ಕೊಡು ಯಜಮಾನ. ಉಪ್ಪು ಕಾರಂ ಮುಟ್ಟಿಸ್ಬ್ಯಾಡ," ಎಂದು ತೆಲುಗು ಬೆರೆಸಿ ಹೇಳಿದಳು.

ಗೌರಿ ಹಬ್ಬಕ್ಕೆ ಬಾಗಿನದ ಮೊರವನ್ನೂ ಪೊಟ್ಟಣವನ್ನೂ ಹಿಡಿದು ಮಧುಗಿರಿಯ ತಂಗಿ ಮನೆಗೆ ಹೋದ. ಬಾಗಿಲಲ್ಲಿ ಬಿಂದುಶ್ರೀ ಕೊಬ್ಬರಿ ಮಿಠಾಯಿ ಅಗಿಯುತ್ತ ರಂಗೋಲಿಗೆ ಬಣ್ಣ ತುಂಬುತ್ತಿದ್ದಳು. ಕೆನ್ನೆ ತುಂಬಿಕೊಂಡಿದ್ದವು. ಕಣ್ಣು ಬೆಳ್ಳಗೆ ಹೊಳೆಯುತ್ತಿದ್ದವು.

"ಮೈ ಹೆಂಗೈತವ್ವ ಈಗ?"

"ನಂಗೇನಾಗೈತೆ ತಾತ?"

ಬಸವಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಬಾ ಅಣ್ಣಯ್ಯ. ಇವ್ಳು ನೆನ್ನೆ ತಾನೇ ತುಮಕೂರಿಂದ ಬಂದ್ಲು. ಹಾಸ್ಟೆಲ್ ಸಾರು ಬರೀ ನೀರು ಅಂತ, ಬಂದಾಗ್ಲಿಂದ ಬಾಯಾಡುಸ್ತಾನೇ ಅವ್ಳೆ."

"ತುಮಕೂರಾ?"

"ಬಿಬಿಎ ಓದ್ತಾವ್ಳಲ್ಲ! ಕಾರಹುಣ್ಣಿಮೆಗೆ ಮುಂಚೇನೇ ಸೇರ್ಸಿದ್ವಿ. ಪ್ರಸನ್ನ ಹೇಳ್ಲಿಲ್ವಾ?"

ಬಿಂದುಶ್ರೀ ಕಾಲೇಜಿನ ಹೆಸರನ್ನೂ ಹೇಳಿದಳು. ಅನುಷಾ ಬಿಟ್ಟುಕೊಟ್ಟ ಕಾಲೇಜೇ ಅದು.

ಅಂಗಿ ಗುಂಡಿ ಹಾಕಿಕೊಳ್ಳುತ್ತ ಹೊರಬಂದ ಪ್ರಸನ್ನ ಮಾವನನ್ನು ನೋಡಿ ಹೊಸಿಲಲ್ಲೇ ನಿಂತ. "ಮಾವ... ಕಾಲೇಜಿಗೆ ಮಕ್ಕಳನ್ನ ಕರ್ಕೊಂಡ್ ಬರ್ದಿದ್ರೆ ನನ್ನ ಕೆಲ್ಸದಿಂದ ತೆಗ್ದಾಕ್ತಿದ್ರು. ನಾನೇನ್ ಮಾಡ್ಲಿ?"

"ಅದ್ನೇ ಹೇಳ್ಬೋದಿತ್ತಲ್ಲೋ. 'ಮಾವ, ಕೆಲ್ಸ ಹೋಗ್ತೈತೆ' ಅಂದಿದ್ರೆ ನಾನೂ ಯೋಚ್ನೆ ಮಾಡ್ತಿದ್ದೆ." ಸಂಜೀವಯ್ಯನ ದನಿ ಏರಲಿಲ್ಲ. "ನಾನ್ ಕೇಳಿದ್ದು ಒಂದೇ ಮಾತು. ನಂಗೆ ಕೇಳಾಕ್ ಬರೋದೂ ಅದೊಂದೇ. ಅದಕ್ಕೂ ಸುಳ್ಳೇಳ್ಬುಟ್ಯಲ್ಲ. ಮ್ಯಾಲೆ ಕಾಮಾಲೆ ಅಂತೀಯ. ಬ್ಯಾರೆ ಕಾಯ್ಲೆ ಹೆಸ್ರು ಸಿಗ್ಲಿಲ್ವಾ ನಿಂಗೆ?"

ಬಿಂದುಶ್ರೀ ಮಿಠಾಯಿ ಅಗಿಯುವುದನ್ನು ನಿಲ್ಲಿಸಿದ್ದಳು.

ಬಾಗಿನವನ್ನು ತಂಗಿಯ ಮಡಿಲಿಗೆ ಕೊಟ್ಟು ಸಂಜೀವಯ್ಯ ಹೊರಟುನಿಂತ.

"ಹಬ್ಬದ ದಿನ ತವರಿನೋನು ಉಣ್ದೆ ಹೋದ್ರೆ ನಂಗೆಂಥ ಹಬ್ಬ ಅಣ್ಣಯ್ಯ?"

"ನಿನ್ ಮ್ಯಾಲೆ ಸಿಟ್ಟಿಲ್ಲ ಕಣಮ್ಮ. ಗಂಟ್ಲಾಗೆ ಇಳಿಯಾಕಿಲ್ಲ."

ಊರಿನ ಬಸ್‌ಸ್ಟಾಪಿಗೇ ಬಂದು ಅನುಷಾ ಕಾಯುತ್ತಿದ್ದಳು. "ಬಿಂದು ಹೆಂಗವ್ಳೆ ತಾತ? ಔಷ್ದಿ ಕುಡುದ್ಲಾ?"

ಪೊಟ್ಟಣ ಅವನ ಕೈಯಲ್ಲೇ ಇತ್ತು. ನಡೆಯುತ್ತ, ಒಂದನ್ನೂ ಮುಚ್ಚಿಡದೆ ಹೇಳಿದ. ಅವಳು ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಮನೆ ಹತ್ತಿರ ಬಂದಾಗ, "ಹಬ್ಬ ಕಳುದ್ಮೇಲೆ ಬ್ಯಾಗ್ ಕೆಳಗಿಡ್ತೀನಿ ತಾತ," ಎಂದಳು. "ಆ ಜಾಗದಾಗೆ ಯಾರಾದ್ರೂ ಕೂತ್ಕೊಳ್ಲಿ."